ಕಡಲಾಳದ ಹೊಗೆ

ಗದಗ ಸೀಮೆಯ ಹರ್ತಿಯಂಥ ಹಳ್ಳಿಯಲ್ಲಿ ಚಳಿಗಾಲದ ಮುಂಜಾವು ನೋಡತಕ್ಕ ದೃಶ್ಯ. ಗಾಳಿ ಇನ್ನೂ ಎದ್ದಿರುವುದಿಲ್ಲ. ಮನೆಮನೆಯ ಒಲೆಗಳಿಂದ ಹೊರಟ ಹೊಗೆ ಮೊದಲು ಕಂಬದಂತೆ ನೇರವಾಗಿ ಮೇಲೇರುತ್ತದೆ. ಒಂದು ಎತ್ತರವನ್ನು ಮುಟ್ಟಿದೊಡನೆ ಯಾರೋ ತಡೆದಂತೆ ನಿಂತು, ಅಡ್ಡಲಾಗಿ ಹರಡಿ, ಊರಿನ ಮೇಲೆ ತೆಳುವಾದ ಚಪ್ಪರವನ್ನು ಹಾಸುತ್ತದೆ. ಜೋಳದ ಹೊಲದ ಬದುವಿನ ಮೇಲೆ ದೂರದಿಂದ ನಡೆದು ಬರುವ ದಾರಿಗನಿಗೆ ಊರು ಇನ್ನೂ ಕಾಣುವುದಿಲ್ಲ, ಹೊಗೆಯ ಪದರು ಮಾತ್ರ ಕಾಣುತ್ತದೆ. ಅದರಿಂದಲೇ ಅವನು ಅಲ್ಲೊಂದು ಊರಿದೆ ಎಂದು ತಿಳಿಯುತ್ತಾನೆ. ಇನ್ನಷ್ಟು ಹತ್ತಿರ ಬಂದರೆ ಉರಿಯುತ್ತಿರುವುದು ಕಟ್ಟಿಗೆಯೋ ಕುಳ್ಳೋ ಎಂಬುದನ್ನು ವಾಸನೆಯಿಂದಲೇ ಹೇಳಬಲ್ಲನು.

ಕಡಲಿನ ತಳದಲ್ಲಿಯೂ ಇಂತಹ ಹೊಗೆ ಏಳುತ್ತದೆ. ಅದೂ ಕಂಬದಂತೆ ಮೇಲೇರಿ, ಒಂದು ಎತ್ತರದಲ್ಲಿ ನಿಂತು, ಅಡ್ಡಲಾಗಿ ಹರಡುತ್ತದೆ. ಅದನ್ನು ಕಣ್ಣಿನಿಂದ ಕಾಣುವಂತಿಲ್ಲ, ಮೂಗಿನಿಂದ ಮೂಸುವಂತಿಲ್ಲ. ಆದರೂ ವಿಜ್ಞಾನಿಗಳು ಹಡಗಿನ ಮೇಲೆ ನಿಂತು, ಎರಡು ಮೂರು ಸಾವಿರ ಮೀಟರ್ ಆಳದ ಕತ್ತಲೆಯಲ್ಲಿರುವ ಆ ಹೊಗೆಯ ಜಾಡನ್ನು ಹಿಡಿದು ಅದರ ಒಲೆಯನ್ನು ಹುಡುಕುತ್ತಾರೆ. ಈ ಶೋಧನೆಯ ರೀತಿಯನ್ನು ತಿಳಿಯಲು ಹರ್ತಿಯ ಸೀಮೆಯಿಂದಲೇ ಹೊರಡುವುದು ಉಚಿತವಾಗಿದೆ. ಏಕೆಂದರೆ ಈ ಸೀಮೆಯ ಬೆನ್ನೆಲುಬಿನಂತಿರುವ ಕಪ್ಪತಗುಡ್ಡವು ಒಂದು ಕಾಲಕ್ಕೆ ಕಡಲಿನ ತಳವೇ ಆಗಿತ್ತು.

ಕಪ್ಪತಗುಡ್ಡದ ಸಾಲು ಗದಗಿನ ಬಳಿಯಿಂದ ತೊಡಗಿ ತುಂಗಭದ್ರೆಯ ಕಡೆಗೆ ಹಬ್ಬಿದೆ. ಈ ಬೆಟ್ಟಗಳಿಂದ ಇಳಿಯುವ ಹಳ್ಳಗಳ ಮರಳಿನಲ್ಲಿ ಚಿನ್ನದ ಕಣಗಳು ದೊರೆಯುತ್ತಿದ್ದವು. ಸೊರಟೂರಿನ ಹಳ್ಳದಲ್ಲಿ ಜಾಲಗಾರರೆಂಬ ಜನರು ಮಳೆಗಾಲದ ಪ್ರವಾಹ ಇಳಿದ ಮೇಲೆ ಮರದ ತಟ್ಟೆಗಳಲ್ಲಿ ಮರಳನ್ನು ತೊಳೆದು, ಹಗುರವಾದ ಮಣ್ಣನ್ನು ಹರಿಯಬಿಟ್ಟು, ತಳದಲ್ಲಿ ಉಳಿದ ಭಾರವಾದ ಕಣಗಳನ್ನು ಆರಿಸುತ್ತಿದ್ದರು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಡಂಬಳದ ಬೆಟ್ಟಗಳ ಚಿನ್ನದ ಶಿಲೆಗಳನ್ನು ಕುರಿತು ವರದಿಯನ್ನು ಪ್ರಕಟಿಸಿದಾಗ ಈ ಹಳ್ಳಗಳನ್ನೂ ಜಾಲಗಾರರ ಕೆಲಸವನ್ನೂ ಗಮನಿಸಿದ್ದರು. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹೊಸೂರು, ಕಬಲಾಯತಕಟ್ಟಿ, ಸಾಂಗ್ಲಿ ಮೊದಲಾದ ಗಣಿಗಳಲ್ಲಿ ಚಿನ್ನ ತೆಗೆಯುವ ಪ್ರಯತ್ನಗಳು ನಡೆದವು.

ಜಾಲಗಾರನ ವಿದ್ಯೆಯ ತಿರುಳು ಸರಳವಾದುದು. ಮೂಲವು ಕಣ್ಣಿಗೆ ಕಾಣದಿದ್ದರೂ ಅದು ಹರಿವಿನೊಳಗೆ ಗುರುತನ್ನು ಬಿಟ್ಟಿರುತ್ತದೆ. ಆ ಗುರುತು ಎಲ್ಲಿ ದಟ್ಟವಾಗುತ್ತದೆಯೋ ಅತ್ತ ನಡೆದರೆ ಮೂಲದ ಸಮೀಪಕ್ಕೆ ಹೋಗುತ್ತೇವೆ. ಗುರುತು ಒಮ್ಮೆಲೇ ಇಲ್ಲವಾದರೆ ಮೂಲವನ್ನು ದಾಟಿದ್ದೇವೆ. ಕಡಲಾಳದ ಶೋಧಕರು ಇಂದು ಅನುಸರಿಸುತ್ತಿರುವುದೂ ಇದೇ ಸೂತ್ರವನ್ನು. ಅವರು ಮರಳಿಗೆ ಬದಲು ನೀರನ್ನೂ ಚಿನ್ನಕ್ಕೆ ಬದಲು ಮೀಥೇನ್, ಮ್ಯಾಂಗನೀಸ್, ಕಬ್ಬಿಣಗಳನ್ನೂ ನೋಡುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಕಪ್ಪತಗುಡ್ಡವು ಕಡಲ ತಳವಾಗಿತ್ತು ಎಂಬ ಮಾತಿಗೆ ಸಾಕ್ಷಿ ಅದರ ಕಲ್ಲುಗಳಲ್ಲಿಯೇ ಇದೆ. ಕರಗಿದ ಶಿಲಾರಸವು ನೀರಿನೊಳಗೆ ಉಕ್ಕಿದರೆ ಅದರ ಹೊರಮೈ ಒಡನೆಯೇ ತಣಿದು ಗಟ್ಟಿಯಾಗುತ್ತದೆ. ಒಳಗಿನ ರಸ ಆ ಚರ್ಮವನ್ನು ಉಬ್ಬಿಸಿ ದಿಂಬಿನ ಆಕಾರವನ್ನು ತಾಳುತ್ತದೆ. ಇಂತಹ ದಿಂಬುಗಲ್ಲುಗಳು ಗದಗಿನ ಶಿಲಾಪಟ್ಟಿಯಲ್ಲಿ ಇವೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಂತೂ ಅವು ಎಷ್ಟು ಸ್ಪಷ್ಟವಾಗಿವೆಯೆಂದರೆ, ಆ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ದಿಂಬುಗಲ್ಲುಗಳ ಜೊತೆಗೆ ಕಬ್ಬಿಣದ ಅದಿರೂ ಬೆಣಚಿನಂಥ ಕಲ್ಲೂ ಪದರುಪದರಾಗಿ ಸೇರಿದ ಪಟ್ಟೆಗಲ್ಲುಗಳು ಈ ಬೆಟ್ಟಗಳಲ್ಲಿವೆ. ಧಾರವಾಡ ಶಿಲಾವರ್ಗವೆಂದು ಪ್ರಸಿದ್ಧವಾದ ಈ ಕಲ್ಲುಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮಿಕ್ಕಿದ್ದು. ಆ ಪ್ರಾಚೀನ ಕಡಲಿನ ನೀರಿನಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆಯಿತ್ತು. ಆದುದರಿಂದ ತಳದ ಬಿಸಿನೀರಿನ ಚಿಲುಮೆಗಳು ಕಾರಿದ ಕಬ್ಬಿಣವು ತುಕ್ಕಾಗಿ ಅಲ್ಲಿಯೇ ಬೀಳದೆ, ನೀರಿನಲ್ಲಿ ಕರಗಿಕೊಂಡು ಬಹುದೂರ ಸಾಗಿ, ಬೇರೆಡೆ ಪದರುಗಳಾಗಿ ಕೂಡಿತು. ಇಂತಹ ಪಟ್ಟೆಗಲ್ಲುಗಳಲ್ಲಿ ಯೂರೋಪಿಯಮ್ ಎಂಬ ವಿರಳ ಧಾತು ತನ್ನ ನೆರೆಯ ಧಾತುಗಳಿಗಿಂತ ಹೆಚ್ಚಾಗಿ ಕಂಡುಬರುವುದುಂಟು. ಅತಿ ಬಿಸಿಯಾದ ಚಿಲುಮೆಗಳ ನೀರಿನ ಲಕ್ಷಣವೂ ಅದೇ ಆಗಿದೆ.

ಬೆಟ್ಟದ ಚಿನ್ನದ ಕಥೆ ಇದಕ್ಕಿಂತ ತುಸು ಬೇರೆ. ಕಡಲ ತಳವು ಮಡಿಸಿ, ಹಿಂಡಿ, ನೆಲದೊಳಗೆ ಹುಗಿದುಹೋದ ಮೇಲೆ ಆಳದಿಂದ ಬಿಸಿಯಾದ ದ್ರವಗಳು ಬಿರುಕುಗಳಲ್ಲಿ ಏರಿಬಂದು ಬೆಣಚುಕಲ್ಲಿನ ಎಳೆಗಳನ್ನೂ ಅವುಗಳೊಂದಿಗೆ ಚಿನ್ನವನ್ನೂ ಇಳಿಸಿದವು. ಇಂತಹ ಎಳೆಗಳ ಬೆಣಚಿನಲ್ಲಿ ಆ ದ್ರವದ ಅತಿಸೂಕ್ಷ್ಮ ಹನಿಗಳು ಸೆರೆಯಾಗಿರುತ್ತವೆ. ಅವುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರೆ ನೀರು, ಇಂಗಾಲದ ಡೈಆಕ್ಸೈಡು, ಹಲವು ಕಡೆ ಮೀಥೇನ್ ಕೂಡ ದೊರೆಯುತ್ತದೆ. ಬಿಸಿನೀರು, ಅನಿಲ, ಲೋಹ ಈ ಮೂರರ ಒಡನಾಟ ಅಷ್ಟು ಹಳೆಯದು.

ಹೀಗೆ ಕಲ್ಲಿನಲ್ಲಿ ಹೆಪ್ಪುಗಟ್ಟಿರುವ ಕಾರ್ಯವು ಇಂದಿಗೂ ಕಡಲ ತಳದಲ್ಲಿ ಜೀವಂತವಾಗಿ ನಡೆದಿದೆ ಎಂಬುದನ್ನು ಮನುಷ್ಯನು ಕಣ್ಣಾರೆ ಕಂಡದ್ದು 1977ರಲ್ಲಿ. ಆ ವರ್ಷ ಪೆಸಿಫಿಕ್ ಸಾಗರದ ಗಾಲಾಪಗೋಸ್ ದ್ವೀಪಗಳ ಬಳಿ ಅಮೆರಿಕದ ‘ಆಲ್ವಿನ್’ ಎಂಬ ಮುಳುಗುನೌಕೆಯು ಸುಮಾರು 2,500 ಮೀಟರ್ ಆಳಕ್ಕಿಳಿಯಿತು. ಅಲ್ಲಿ ಬೆಚ್ಚನೆಯ ನೀರಿನ ಚಿಲುಮೆಗಳೂ ಅವುಗಳ ಸುತ್ತ ದಟ್ಟವಾದ ಪ್ರಾಣಿಸಮೂಹವೂ ಕಂಡವು. 1979ರಲ್ಲಿ ಮೆಕ್ಸಿಕೋ ದೇಶದ ಕರಾವಳಿಯಾಚೆ ಇದೇ ನೌಕೆಯು ಕಪ್ಪು ಹೊಗೆಯನ್ನು ಉಗುಳುವ ಕಲ್ಲಿನ ಚಿಮಣಿಗಳನ್ನು ಕಂಡಿತು. ಅದರ ನೀರಿಗೆ ಒಡ್ಡಿದ ಉಷ್ಣಮಾಪಕದ ಪ್ಲಾಸ್ಟಿಕ್ ಭಾಗವು ಕರಗಿಹೋಯಿತು! ಸರಿಯಾದ ಉಪಕರಣದಿಂದ ಅಳೆದಾಗ ಆ ನೀರಿನ ಉಷ್ಣತೆ ಸುಮಾರು 350 ಡಿಗ್ರಿ ಸೆಲ್ಸಿಯಸ್ ಇದ್ದುದು ತಿಳಿಯಿತು. ಮೇಲಿನ ನೀರಿನ ಅಗಾಧವಾದ ಒತ್ತಡದಿಂದಾಗಿ ಅಷ್ಟು ಬಿಸಿಯಾದರೂ ಅದು ಕುದಿದು ಆವಿಯಾಗಿರಲಿಲ್ಲ.

ಈ ಚಿಲುಮೆಗಳು ಹುಟ್ಟುವ ಬಗೆ ಹೀಗಿದೆ. ಸಾಗರಗಳ ನಡುವೆ ಭೂಮಿಯ ಚಿಪ್ಪಿನ ಫಲಕಗಳು ಒಂದರಿಂದೊಂದು ಸರಿಯುವ ಕಡೆ ಉದ್ದವಾದ ಪರ್ವತಶ್ರೇಣಿಗಳಿವೆ. ಅಲ್ಲಿನ ಬಿರುಕುಗಳಲ್ಲಿ ಕಡಲ ನೀರು ಕೆಳಗಿಳಿದು, ಶಿಲಾರಸದ ಶಾಖಕ್ಕೆ ಕಾದು, ಸುತ್ತಲಿನ ಕಲ್ಲಿನಿಂದ ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಸತು ಮೊದಲಾದ ಲೋಹಗಳನ್ನೂ ಗಂಧಕವನ್ನೂ ಕರಗಿಸಿಕೊಂಡು ಮೇಲಕ್ಕೆ ಚಿಮ್ಮುತ್ತದೆ. ಹೊರಗಿನ ನೀರು ಸುಮಾರು ಎರಡು ಡಿಗ್ರಿಯಷ್ಟು ತಣ್ಣಗಿರುತ್ತದೆ. ಎರಡೂ ಸೇರಿದ ಕ್ಷಣವೇ ಲೋಹಗಳು ಗಂಧಕದೊಡನೆ ಕೂಡಿ ಸಲ್ಫೈಡಿನ ಕಪ್ಪು ಕಣಗಳಾಗುತ್ತವೆ. ಹೊಗೆಯೆಂದು ಕಾಣುವುದು ಈ ಕಣಗಳ ಸಮೂಹವೇ. ಕೆಲವು ಕಣಗಳು ಅಲ್ಲಿಯೇ ಕುಳಿತು ಚಿಮಣಿಯನ್ನು ಕಟ್ಟುತ್ತವೆ. ಉಳಿದವು ನೀರಿನೊಡನೆ ಮೇಲೇರುತ್ತವೆ.

ಬಿಸಿನೀರು ಹಗುರವಾದುದರಿಂದ ಮೇಲೇರುತ್ತದೆ. ಏರುತ್ತ ಏರುತ್ತ ಸುತ್ತಲಿನ ತಣ್ಣೀರನ್ನು ತನ್ನೊಳಗೆ ಸೇರಿಸಿಕೊಂಡು, ಚಿಲುಮೆಯಿಂದ ಸಾಮಾನ್ಯವಾಗಿ ನೂರರಿಂದ ನಾಲ್ಕುನೂರು ಮೀಟರ್ ಎತ್ತರದಲ್ಲಿ ಸುತ್ತಲಿನ ನೀರಿನಷ್ಟೇ ಭಾರವನ್ನು ಹೊಂದುತ್ತದೆ. ಮತ್ತೆ ಏರಲು ಕಾರಣವಿಲ್ಲ, ಇಳಿಯಲೂ ಕಾರಣವಿಲ್ಲ. ಹರ್ತಿಯ ಮುಂಜಾವಿನ ಹೊಗೆಯಂತೆ ಅದು ಅಡ್ಡಲಾಗಿ ಹರಡುತ್ತದೆ. ಅಷ್ಟರಲ್ಲಿ ಮೂಲದ ನೀರು ಸುಮಾರು ಹತ್ತು ಸಾವಿರ ಪಾಲು ತೆಳುವಾಗಿರುತ್ತದೆ. 350 ಡಿಗ್ರಿಯ ಬಿಸಿಯಲ್ಲಿ ಉಳಿಯುವುದು ಡಿಗ್ರಿಯ ನೂರನೆಯ ಕೆಲವು ಪಾಲುಗಳಷ್ಟು ವ್ಯತ್ಯಾಸ ಮಾತ್ರ. ಆದರೆ ಚಿಲುಮೆಯ ಬಾಯಿ ಕೆಲವೇ ಅಂಗುಲಗಳ ಅಗಲದ್ದಾದರೆ, ಅದರ ಹೊಗೆಯ ಪದರು ಹಲವಾರು ಕಿಲೋಮೀಟರುಗಳ ವಿಸ್ತಾರಕ್ಕೆ ಹಬ್ಬಿರುತ್ತದೆ. ಸೂಜಿಯನ್ನು ಹುಡುಕುವುದಕ್ಕಿಂತ ಚಪ್ಪರವನ್ನು ಹುಡುಕುವುದು ಸುಲಭವಲ್ಲವೇ? ಆದುದರಿಂದ ಶೋಧಕರು ಮೊದಲು ಹೊಗೆಯನ್ನೇ ಅರಸುತ್ತಾರೆ.

ಹಡಗಿನಿಂದ ಉದ್ದವಾದ ಹಗ್ಗದ ತುದಿಗೆ ಉಪಕರಣಗಳ ಒಂದು ಚೌಕಟ್ಟನ್ನು ಕಟ್ಟಿ ಕೆಳಗಿಳಿಸುತ್ತಾರೆ. ಅದರಲ್ಲಿ ನೀರಿನ ಉಷ್ಣತೆ, ಉಪ್ಪಿನಂಶ ಹಾಗೂ ಆಳವನ್ನು ಅಳೆಯುವ ಸಾಧನಗಳಿರುತ್ತವೆ. ಬೆಳಕಿನ ಕಿರಣವನ್ನು ನೀರಿಗೆ ಬಿಟ್ಟು, ಕಣಗಳಿಂದ ಚದುರಿದ ಬೆಳಕನ್ನು ಗ್ರಹಿಸಿ ಕದಡಿನ ಪ್ರಮಾಣವನ್ನು ಹೇಳುವ ಸಾಧನ ಇನ್ನೊಂದು. ಸಲ್ಫೈಡು, ಜಲಜನಕ ಮೊದಲಾದ, ಆಮ್ಲಜನಕದೊಡನೆ ಬೇಗ ಕೂಡುವ ಪದಾರ್ಥಗಳು ಎದುರಾದೊಡನೆ ವಿದ್ಯುತ್ತಿನ ಮಟ್ಟವು ಕುಸಿಯುವಂತೆ ರಚಿಸಿದ ಸಾಧನ ಮತ್ತೊಂದು. ಈ ಪದಾರ್ಥಗಳು ಬಹುಕಾಲ ಉಳಿಯುವುದಿಲ್ಲ. ಆದುದರಿಂದ ಈ ಕುಸಿತ ಕಂಡರೆ ಚಿಲುಮೆಯು ಹತ್ತಿರದಲ್ಲಿದೆ ಎಂದು ಅರ್ಥ. ಹಡಗು ನಿಧಾನವಾಗಿ ಮುಂದೆ ಸಾಗುತ್ತಿರುವಾಗ ಸೇದುವ ಬಾವಿಯ ಕೊಡದಂತೆ ಈ ಚೌಕಟ್ಟನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ನೀರಿನ ಪದರುಗಳನ್ನು ಒಂದೊಂದಾಗಿ ಶೋಧಿಸುತ್ತಾರೆ. ಎಲ್ಲಿ ಕದಡು ಕಂಡಿತೋ ಅಲ್ಲಿ ಚೌಕಟ್ಟಿನ ಸುತ್ತ ಜೋಡಿಸಿದ ಸೀಸೆಗಳ ಬಾಯನ್ನು ಮೇಲಿನಿಂದಲೇ ಮುಚ್ಚಿ ನೀರನ್ನು ಸೆರೆಹಿಡಿಯುತ್ತಾರೆ.

ಕದಡು ಕಂಡಿತೆಂದ ಮಾತ್ರಕ್ಕೆ ಚಿಲುಮೆ ಸಿಕ್ಕಿತೆಂದು ಹೇಳಲಾಗದು. ಕಡಲಿನ ಪ್ರವಾಹವು ತಳದ ಕೆಸರನ್ನು ಎಬ್ಬಿಸಿದರೂ ನೀರು ಕದಡುತ್ತದೆ. ಧೂಳು ಎದ್ದುದಕ್ಕೂ ಹೊಗೆ ಎದ್ದುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಬೇಕಾದರೆ ನೀರಿನ ಒಳಗುಣವನ್ನು ಪರೀಕ್ಷಿಸಬೇಕು. ಮೀಥೇನ್ ಮತ್ತು ಲೋಹಗಳ ಅಳತೆ ಮುಖ್ಯವಾಗುವುದು ಇಲ್ಲಿಯೇ.

ಆಳ ಸಮುದ್ರದ ಸಾಮಾನ್ಯ ನೀರಿನಲ್ಲಿ ಮೀಥೇನ್ ಅತ್ಯಲ್ಪ. ಒಂದು ಲೀಟರಿನಲ್ಲಿ ಒಂದು ನ್ಯಾನೋಮೋಲಿಗಿಂತ ಕಡಿಮೆ. ಒಂದು ನ್ಯಾನೋಮೋಲ್ ಮೀಥೇನ್ ಎಂದರೆ ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಹದಿನಾರು ಭಾಗ. ಹೊಗೆಯ ಪದರಿನಲ್ಲಿ ಇದು ಹಲವು ಪಟ್ಟು, ಕೆಲವೊಮ್ಮೆ ಹತ್ತಾರು ಪಟ್ಟು ಹೆಚ್ಚುತ್ತದೆ. ಇಷ್ಟು ಸೂಕ್ಷ್ಮವಾದುದನ್ನು ಅಳೆಯಲು ಬಹಳ ಎಚ್ಚರ ಬೇಕು. ಸೀಸೆ ಹಡಗಿಗೆ ಬಂದೊಡನೆ ಗುಳ್ಳೆಗಳು ಸೇರದಂತೆ ನೀರನ್ನು ಬೇರೆ ಪಾತ್ರೆಗೆ ತುಂಬಬೇಕು. ಕೂಡಲೇ ಪರೀಕ್ಷಿಸದಿದ್ದರೆ ಸೂಕ್ಷ್ಮಜೀವಿಗಳು ಮೀಥೇನನ್ನು ತಿಂದುಬಿಡದಂತೆ ವಿಷಪದಾರ್ಥವನ್ನು ಬೆರೆಸಿಡಬೇಕು. ಬಳಿಕ ಶುದ್ಧವಾದ ಜಡಾನಿಲವನ್ನು ನೀರಿನೊಳಗೆ ಹಾಯಿಸಿ, ಕರಗಿದ ಅನಿಲಗಳನ್ನು ಹೊರಹೊಮ್ಮಿಸಿ, ಸಪೂರವಾದ ನಳಿಗೆಯಲ್ಲಿ ಅವುಗಳನ್ನು ಒಂದರಿಂದೊಂದು ಬೇರ್ಪಡಿಸುತ್ತಾರೆ. ಕೊನೆಗೆ ಮೀಥೇನನ್ನು ಪುಟ್ಟ ಜ್ವಾಲೆಯೊಂದರಲ್ಲಿ ಉರಿಸಿದಾಗ ಹುಟ್ಟುವ ವಿದ್ಯುತ್ಕಣಗಳಿಂದ ಅದರ ಪ್ರಮಾಣ ತಿಳಿಯುತ್ತದೆ. ನೀರಿನೊಳಗೇ ಮೀಥೇನನ್ನು ಗ್ರಹಿಸುವ ಸಾಧನಗಳೂ ಈಗ ಇವೆ. ಆದರೆ ಅನಿಲವು ತೆಳುಪೊರೆಯೊಂದನ್ನು ದಾಟಿ ಒಳಬರಬೇಕಾದುದರಿಂದ ಅಂತಹ ಕೆಲವು ಸಾಧನಗಳು ಉತ್ತರ ಕೊಡಲು ತಡಮಾಡುತ್ತವೆ.

ಲೋಹಗಳ ಅಳತೆಯಲ್ಲಿ ಬೇರೊಂದು ತೊಡಕು. ಹಡಗೇ ಕಬ್ಬಿಣದ್ದು, ಅದರ ಮೇಲಿಂದ ಕಬ್ಬಿಣದ ಕಣಗಳನ್ನು ಹುಡುಕಬೇಕು! ಒಂದು ಚಿಟಿಕೆ ತುಕ್ಕು ಬಿದ್ದರೂ ಇಡೀ ಶ್ರಮ ವ್ಯರ್ಥ. ಆದುದರಿಂದ ಲೋಹ ಸೋಂಕದ ಸೀಸೆಗಳನ್ನೂ ಕೃತಕ ನಾರಿನ ಹಗ್ಗವನ್ನೂ ಬಳಸುತ್ತಾರೆ. ಪಾತ್ರೆಗಳನ್ನು ಆಮ್ಲದಲ್ಲಿ ತೊಳೆಯುತ್ತಾರೆ. ಮ್ಯಾಂಗನೀಸನ್ನು ಕಂಡುಹಿಡಿಯುವ ಒಂದು ವಿಧಾನ ಸೊಗಸಾದುದು. ಬಣ್ಣವಿಲ್ಲದ ಒಂದು ರಾಸಾಯನಿಕವು ಮ್ಯಾಂಗನೀಸಿನ ಸಾನ್ನಿಧ್ಯದಲ್ಲಿ ಬೇಗಬೇಗನೆ ಹಸಿರಾಗುತ್ತದೆ. ಹಸಿರು ಎಷ್ಟು ಗಾಢವೋ ಮ್ಯಾಂಗನೀಸು ಅಷ್ಟು ಹೆಚ್ಚು. ಹೀಗೆ ಕಣ್ಣಿಗೆ ಎಂದೂ ಕಾಣದ ಹೊಗೆಯು ಹಡಗಿನ ಪ್ರಯೋಗಶಾಲೆಯಲ್ಲಿ ಬಣ್ಣವಾಗಿ ಪ್ರಕಟವಾಗುತ್ತದೆ.

ಒಂದು ಗುರುತಿಗಿಂತ ಹಲವು ಗುರುತುಗಳನ್ನು ಕೂಡಿಸಿ ಓದುವುದರಲ್ಲಿಯೇ ಈ ವಿದ್ಯೆಯ ಸಾರವಿದೆ. ಕಬ್ಬಿಣದ ಬಹುಭಾಗ ಚಿಲುಮೆಯ ಹತ್ತಿರವೇ ಕಣವಾಗಿ ಬೀಳುತ್ತದೆ. ಮೀಥೇನನ್ನು ಸೂಕ್ಷ್ಮಜೀವಿಗಳು ದಿನ ವಾರಗಳಲ್ಲಿ ತಿಂದು ಮುಗಿಸುತ್ತ ಬರುತ್ತವೆ. ಮ್ಯಾಂಗನೀಸು ನಿಧಾನವಾಗಿ ಬದಲಾಗುವುದರಿಂದ ಹೆಚ್ಚು ದೂರ ಸಾಗುತ್ತದೆ. ಹೀಲಿಯಮ್ ಅನಿಲವಾದರೋ ಯಾವುದರೊಡನೆಯೂ ಕೂಡದೆ ಸಾವಿರಾರು ಕಿಲೋಮೀಟರ್ ಹೋಗಬಲ್ಲದು. ಆದುದರಿಂದ ಒಂದು ಸೀಸೆಯ ನೀರಿನಲ್ಲಿ ಮ್ಯಾಂಗನೀಸು ಹೇರಳವಾಗಿದ್ದು ಮೀಥೇನ್ ಕ್ಷೀಣವಾಗಿದ್ದರೆ ಆ ಹೊಗೆ ಹಳೆಯದೆಂದು ಶಂಕಿಸಬಹುದು. ಆದರೆ ಇಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಒಲೆಯ ಕಲ್ಲು ಯಾವುದೆಂಬುದೂ ಇಲ್ಲಿ ಮುಖ್ಯ. ಭೂಮಿಯ ಒಳಪದರಿನ ಹಸಿರು ಶಿಲೆಯೊಡನೆ ನೀರು ವರ್ತಿಸಿದರೆ ಜಲಜನಕ ಹುಟ್ಟುತ್ತದೆ. ಅದು ಇಂಗಾಲದ ಸಂಯುಕ್ತಗಳೊಡನೆ ಕೂಡಿ ಮೀಥೇನ್ ಆಗುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ 2000ದ ಡಿಸೆಂಬರಿನಲ್ಲಿ ಪತ್ತೆಯಾದ ‘ಲಾಸ್ಟ್ ಸಿಟಿ’ ಎಂಬ ಚಿಲುಮೆಗಳ ಸ್ಥಾನವು ಇಂತಹುದು. ಅಲ್ಲಿ ಮೀಥೇನ್ ಉಂಟು, ಆದರೆ ಲೋಹಗಳ ಕಪ್ಪು ಹೊಗೆಯಿಲ್ಲ. ಕದಡನ್ನು ಮಾತ್ರ ನಂಬಿದವನು ಅಂತಹ ಚಿಲುಮೆಯ ಪಕ್ಕದಲ್ಲಿಯೇ ಹಾದುಹೋದರೂ ಅದನ್ನು ಕಾಣಲಾರನು.

ಹಿಂದೂ ಮಹಾಸಾಗರದ ಪರ್ವತಶ್ರೇಣಿಗಳ ಶೋಧನೆ ತಡವಾಗಿ ಆರಂಭವಾಯಿತು. 2000ದಲ್ಲಿ ಜಪಾನಿನ ವಿಜ್ಞಾನಿಗಳು ಈ ಸಾಗರದ ಮೊದಲ ಚಿಲುಮೆಗಳನ್ನು ಯಂತ್ರದ ಕಣ್ಣಿನಿಂದ ಕಂಡರು. ಆ ಸ್ಥಾನಕ್ಕೆ ‘ಕೈರೇ’ ಎಂಬ ಹೆಸರಾಯಿತು. 2003ರಲ್ಲಿ ಅರಬ್ಬೀ ಸಮುದ್ರದ ಕಡೆಗಿರುವ ಕಾರ್ಲ್ಸ್‌ಬರ್ಗ್ ಶ್ರೇಣಿಯ ಮೇಲೆ ಸುಮಾರು 70 ಕಿಲೋಮೀಟರ್ ಉದ್ದದ ಬೃಹತ್ ಹೊಗೆಯೊಂದು ಸಂಶೋಧಕರ ಉಪಕರಣಗಳಿಗೆ ಸಿಕ್ಕಿತು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2007 ಮತ್ತು 2009ರಲ್ಲಿ ಇದೇ ಶ್ರೇಣಿಯ ಮೇಲೆ ಹೊಗೆಯ ಪದರುಗಳನ್ನು ಗುರುತಿಸಿದರು. 2016ರಲ್ಲಿ ಭಾರತವು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ ಹದಿನೈದು ವರ್ಷಗಳ ಒಪ್ಪಂದವನ್ನು ಮಾಡಿಕೊಂಡು, ಹಿಂದೂ ಮಹಾಸಾಗರದ 10,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಲೋಹದ ಸಲ್ಫೈಡುಗಳನ್ನು ಶೋಧಿಸುವ ಹಕ್ಕನ್ನು ಪಡೆಯಿತು. 2024ರ ಡಿಸೆಂಬರಿನಲ್ಲಿ, ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಹಾಗೂ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗಳ ವಿಜ್ಞಾನಿಗಳು ಸುಮಾರು 4,500 ಮೀಟರ್ ಆಳದ ಸಕ್ರಿಯ ಚಿಲುಮೆಯೊಂದರ ಚಿತ್ರವನ್ನು ಸ್ವಯಂಚಾಲಿತ ನೌಕೆಯ ಮೂಲಕ ತೆಗೆದ ಸುದ್ದಿ ಪ್ರಕಟವಾಯಿತು. 2025ರಲ್ಲಿ ಕಾರ್ಲ್ಸ್‌ಬರ್ಗ್ ಶ್ರೇಣಿಯ ಶೋಧನೆಗಾಗಿ ಇನ್ನೊಂದು ಒಪ್ಪಂದಕ್ಕೆ ಭಾರತ ಸಹಿ ಹಾಕಿತು.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಎದುರಾಗುತ್ತದೆ. ಈ ಚಿಲುಮೆಗಳ ಬಳಿ ತಾಮ್ರ, ಸತು, ಬೆಳ್ಳಿ, ಚಿನ್ನಗಳು ಇರುವುದುಂಟು. ಅವು ಬರಿಯ ಅದಿರಿನ ರಾಶಿಗಳಾಗಿದ್ದರೆ ಮಾತು ಬೇರೆಯಾಗುತ್ತಿತ್ತು. ಆದರೆ ಸೂರ್ಯನ ಬೆಳಕೇ ತಲುಪದ ಆ ಕತ್ತಲೆಯಲ್ಲಿ, ಚಿಲುಮೆಯ ರಾಸಾಯನಿಕಗಳಿಂದ ಶಕ್ತಿಯನ್ನು ಪಡೆಯುವ ಸೂಕ್ಷ್ಮಜೀವಿಗಳೂ ಅವುಗಳನ್ನು ಆಶ್ರಯಿಸಿದ ಪ್ರಾಣಿಗಳೂ ಬದುಕಿವೆ. ಹೊಗೆಯ ಗುರುತಾದ ಮೀಥೇನೂ ಸಲ್ಫೈಡೂ ಅವುಗಳ ಅನ್ನವೇ ಆಗಿವೆ. ಕೈರೇ ಸ್ಥಾನದಲ್ಲಿ 2001ರಲ್ಲಿ ಒಂದು ವಿಚಿತ್ರವಾದ ಬಸವನಹುಳು ಕಂಡುಬಂದಿತು. ಅದರ ಕಾಲಿನ ಮೇಲೆ ಹೊದಿಸಿದ ಹುರುಪೆಗಳಲ್ಲಿ ಕಬ್ಬಿಣದ ಸಲ್ಫೈಡಿದೆ; ಲೋಹದ ಕವಚವನ್ನು ತೊಟ್ಟ ಸೈನಿಕನಂತೆ ಅದು ತೋರುತ್ತದೆ. ಹಿಂದೂ ಮಹಾಸಾಗರದ ಕೆಲವೇ ಚಿಲುಮೆಗಳ ಹೊರತು ಬೇರೆಲ್ಲಿಯೂ ಅದು ಕಂಡಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು, ಸಮುದ್ರತಳದ ಗಣಿಗಾರಿಕೆಯಿಂದ ಒದಗಬಹುದಾದ ಅಪಾಯವನ್ನು ಎಣಿಸಿ, ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಯಂತ್ರಗಳು ತಳವನ್ನು ಅಗೆದರೆ ಏಳುವ ಕೆಸರು ಇನ್ನೊಂದು ಬಗೆಯ ಹೊಗೆಯಾಗಿ ಹರಡೀತು. ಅದು ಅನ್ನವನ್ನು ತರುವ ಹೊಗೆಯಲ್ಲ.

ಅದೇ 2019ರಲ್ಲಿ ಕಪ್ಪತಗುಡ್ಡವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಬೆಟ್ಟದ ಒಡಲಿನಲ್ಲಿ ಚಿನ್ನವೂ ಕಬ್ಬಿಣವೂ ಇರುವುದು ಎಲ್ಲರಿಗೂ ತಿಳಿದುದೇ. ಅದರ ಮೈಮೇಲೆ ಔಷಧಿಯ ಸಸ್ಯಗಳೂ ಹುಲ್ಲುಗಾವಲೂ ತೋಳ, ಚಿರತೆಗಳಂಥ ಪ್ರಾಣಿಗಳೂ ಇರುವುದು, ಅದರ ಹಳ್ಳಗಳು ಸುತ್ತಲಿನ ಊರುಗಳ ಹೊಲಗಳಿಗೆ ನೀರುಣಿಸುವುದು ಕೂಡ ಅಷ್ಟೇ ನಿಜ. ಎರಡನ್ನೂ ತೂಗಿ ನೋಡಿದ ಗದಗ ಸೀಮೆಯ ಜನರು, ಮಠದ ಸ್ವಾಮಿಗಳು, ಪರಿಸರದ ಕಾಳಜಿಯುಳ್ಳವರು ಬೆಟ್ಟ ಉಳಿಯಲೆಂದು ಹಲವು ವರ್ಷ ಹೋರಾಡಿದರು. ಕಡಲಾಳಕ್ಕೆ ಹಾಗೆ ಹೋರಾಡುವ ನೆರೆಹೊರೆಯ ಊರುಗಳಿಲ್ಲ. ಅದರ ಪರವಾಗಿ ನುಡಿಯಬೇಕಾದುದು ಅರಿವು ಒಂದೇ.

ಆದುದರಿಂದಲೇ ಈ ಅಳತೆಗಳ ಬೆಲೆ ದೊಡ್ಡದು. ಚಿಲುಮೆ ಎಲ್ಲಿದೆ, ಅದು ಜೀವಂತವಾಗಿದೆಯೋ ಆರಿದೆಯೋ, ಅದರ ಹೊಗೆ ಎಷ್ಟು ದೂರ ಸಾಗಿ ಯಾರಿಗೆ ಆಹಾರವಾಗುತ್ತದೆ ಎಂಬುದನ್ನು ಹೇಳುವ ನೀರಿನ ಸೀಸೆಯು ಅದಿರನ್ನು ಅರಸುವವನಿಗೂ ಜೀವವನ್ನು ಕಾಯುವವನಿಗೂ ಒಂದೇ ಸಾಕ್ಷ್ಯವನ್ನು ನುಡಿಯುತ್ತದೆ. ಸಾಕ್ಷ್ಯವನ್ನು ಕೇಳಿದ ಮೇಲೆ ಏನು ಮಾಡಬೇಕೆಂಬ ವಿವೇಕ ಮಾತ್ರ ಮನುಷ್ಯನದು. ಸೊರಟೂರಿನ ಜಾಲಗಾರನು ಹಳ್ಳದ ಮರಳನ್ನು ತೊಳೆದು ತನಗೆ ಬೇಕಾದಷ್ಟನ್ನು ಆರಿಸಿಕೊಂಡು ಹಳ್ಳವನ್ನು ಹಳ್ಳವಾಗಿಯೇ ಬಿಟ್ಟುಹೋಗುತ್ತಿದ್ದನು. ಅವನಿಗಿಂತ ಸಾವಿರ ಪಟ್ಟು ಬಲವಾದ ಕೈಗಳು ಇಂದು ಕಡಲಿನ ತಳವನ್ನು ಮುಟ್ಟುವಂತಾಗಿವೆ. ಅವನಿಗಿದ್ದ ಮಿತಿಯನ್ನು ಆ ಕೈಗಳಿಗೆ ಕಲಿಸಬೇಕಾದುದು ಮುಂದಿನ ತಲೆಮಾರಿನ ಹೊಣೆಯಾಗಿದೆ.